ಬ್ಯಾಕೋಡಿಗೆ ಬೇಕಿರುವುದು ಹಗುರವಾದ ವೆಬ್‌ಸೈಟ್

ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಯನ್ನು ಜೋಡಿಸುವ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದು ಶರಾವತಿಯ ಹಿನ್ನೀರು ಹರಡಿಕೊಂಡ ಮೇಲೆ ತುಮರಿ, ಬ್ಯಾಕೋಡು, ಸಿಗಂದೂರು ಕಡೆಯ ಜನ ಸಾಗರಕ್ಕೆ ಬರಬೇಕೆಂದರೆ ಹೆಚ್ಚಾಗಿ ಹೊಳೆಬಾಗಿಲಿನ ಲಾಂಚನ್ನೇ ನಂಬಬೇಕಿತ್ತು. ಕತ್ತಲಾದ ಮೇಲೆ ಲಾಂಚಿಲ್ಲ, ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ದಾಟಿಸುವುದಿಲ್ಲ. ಆ ಕಷ್ಟ ಈಗ ಹಿಂದೆ ಸರಿದಿದೆ. ಆದರೆ ರಸ್ತೆ ತೆರೆದುಕೊಂಡ ಊರಿನ ಬಗ್ಗೆ ಹೊರಗಿನವರು ಫೋನಿನಲ್ಲಿ ಹುಡುಕಲು ಶುರುಮಾಡುತ್ತಾರೆ. ಹುಡುಕಿದಾಗ ಅವರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಹಾದುಹೋದವರು ಬರೆದ ಅನಿಸಿಕೆ, ಸೇತುವೆಯ ಮೇಲೆ ತೆಗೆದ ವಿಡಿಯೊ, ನಕ್ಷೆಯ ಮೇಲೊಂದು ಗುರುತು. ಊರಿನವರು ತಾವೇ ಬರೆಯದಿದ್ದರೆ ಊರಿನ ಪರಿಚಯವನ್ನು ಬೇರೆಯವರು ಬರೆಯುತ್ತಾರೆ. ಅದು ಅವರ ತಪ್ಪೇನಲ್ಲ. ಬ್ಯಾಕೋಡಿನಂಥ ಊರುಗಳು ತಮ್ಮ ವಿಷಯವನ್ನು ತಾವೇ, ತಮ್ಮದೇ ವಿಳಾಸದಲ್ಲಿ, ಕನ್ನಡದಲ್ಲಿ ಪ್ರಕಟಿಸಬೇಕು; ಅದಕ್ಕೆ ಎಲ್ಲಕ್ಕಿಂತ ಹೊಂದುವ ರೂಪವೆಂದರೆ ಸಿದ್ಧ ಥೀಮ್ ಬಳಸಿ ಮಾಡಿದ ಸ್ಟ್ಯಾಟಿಕ್ ವೆಬ್‌ಸೈಟ್ ಎಂಬುದು ನನ್ನ ವಾದ.

ಸ್ಟ್ಯಾಟಿಕ್ ಎಂದರೇನು ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. ಇಂದಿನ ಬಹುಪಾಲು ವೆಬ್‌ಸೈಟುಗಳಲ್ಲಿ ಪುಟ ಎನ್ನುವುದು ಮೊದಲೇ ತಯಾರಾಗಿ ಇರುವುದಿಲ್ಲ. ನೀವು ವಿಳಾಸ ಒತ್ತಿದ ಕೂಡಲೇ ಎಲ್ಲೋ ಇರುವ ಸರ್ವರಿನಲ್ಲಿ ಒಂದು ಪ್ರೋಗ್ರಾಮು ಎದ್ದು, ಡೇಟಾಬೇಸಿನಿಂದ ಬರಹ ತೆಗೆದು, ಅಚ್ಚಿಗೆ ಹಾಕಿ, ಪುಟ ಕಟ್ಟಿ ಕಳಿಸುತ್ತದೆ. ಸ್ಟ್ಯಾಟಿಕ್ ವೆಬ್‌ಸೈಟಿನಲ್ಲಿ ಈ ಕಟ್ಟುವ ಕೆಲಸ ಪ್ರಕಟಣೆಗೂ ಮೊದಲೇ, ಸಾಮಾನ್ಯವಾಗಿ ಬರೆದವರ ಕಂಪ್ಯೂಟರಿನಲ್ಲೇ ಮುಗಿದಿರುತ್ತದೆ. ಅಪ್ಪೆಮಿಡಿಯನ್ನು ಒಮ್ಮೆ ಉಪ್ಪಿಗೆ ಹಾಕಿ ಭರಣಿ ತುಂಬಿಸಿಟ್ಟರೆ ವರ್ಷವಿಡೀ ಬಡಿಸಬಹುದಲ್ಲ, ಹಾಗೆ. ಸರ್ವರಿಗೆ ಉಳಿಯುವ ಕೆಲಸ ಕೇಳಿದವರಿಗೆ ಫೈಲನ್ನು ಎತ್ತಿಕೊಡುವುದಷ್ಟೆ. ಅಲ್ಲಿ ಕೆಟ್ಟುನಿಲ್ಲುವ ಡೇಟಾಬೇಸಿಲ್ಲ, ಪಾಸ್‌ವರ್ಡ್ ಕದ್ದು ಒಳನುಗ್ಗಲು ಲಾಗಿನ್ ಪುಟವಿಲ್ಲ, ತಿಂಗಳು ತಿಂಗಳು ಅಪ್‌ಡೇಟ್ ಮಾಡಬೇಕಾದ ಪ್ಲಗಿನ್ನುಗಳಿಲ್ಲ. ಇಡೀ ವೆಬ್‌ಸೈಟ್ ಒಂದು ಫೋಲ್ಡರು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಓಡಾಡಬಹುದು.

ಹಗುರ ಎಂಬ ಮಾತನ್ನು ಲೆಕ್ಕದಲ್ಲೇ ನೋಡಬೇಕು. ಜಗತ್ತಿನ ಸರಾಸರಿ ವೆಬ್ ಪುಟದ ತೂಕ ಇಂದು 2 ಎಂಬಿ ದಾಟಿದೆ. ಅದರ ಬಹುಭಾಗ ಚಿತ್ರ, ಜಾಹೀರಾತು, ಓದುಗನ ಚಲನವಲನ ಗಮನಿಸುವ ಸ್ಕ್ರಿಪ್ಟುಗಳೇ ಹೊರತು ಓದುವ ಬರಹವಲ್ಲ. ಯೂನಿಕೋಡಿನಲ್ಲಿ ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ತೆಗೆದುಕೊಂಡರೆ ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಹಾಗಿದ್ದೂ ಈ ಲೇಖನದಷ್ಟು ಉದ್ದದ ಕನ್ನಡ ಬರಹ 60 ಕೆಬಿ ಆಸುಪಾಸಿನಲ್ಲೇ ಮುಗಿಯುತ್ತದೆ. ಸರ್ವರುಗಳು ಅದನ್ನು ಕುಗ್ಗಿಸಿ ಕಳಿಸುವುದರಿಂದ ದಾರಿಯಲ್ಲಿ ಅದು ಇನ್ನೂ ಕಡಿಮೆ. ಸೆಕೆಂಡಿಗೆ 100 ಕಿಲೋಬಿಟ್ ಮಾತ್ರ ಸಿಗುವ ಜಾಗದಲ್ಲಿ 2 ಎಂಬಿಯ ಪುಟ ತೆರೆಯಲು ಎರಡೂವರೆ ನಿಮಿಷಕ್ಕಿಂತ ಹೆಚ್ಚು ಬೇಕು. 60 ಕೆಬಿಯ ಪುಟಕ್ಕೆ ಐದು ಸೆಕೆಂಡು ಸಾಕು. ಬೆಂಗಳೂರಿನಲ್ಲಿ ಕೂತವರಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಹಿನ್ನೀರಿನ ಕರೂರು, ಬಾರಂಗಿ ಸೀಮೆಯವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಕೋವಿಡ್ ಕಾಲದಲ್ಲಿ ಸಿಗ್ನಲ್ ಹುಡುಕಿ ಮಕ್ಕಳು ಗುಡ್ಡ ಹತ್ತಿ ಕೂತು ಪಾಠ ಕೇಳಿದ್ದು ಇದೇ ಮಲೆನಾಡಿನಲ್ಲಿ. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಜನ ದನಿಯೆತ್ತಿದ್ದು ಇದೇ ಹಿನ್ನೀರಿನ ಹಳ್ಳಿಗಳಲ್ಲಿ. ಟವರುಗಳು ಬಂದ ಮೇಲೂ ಕಾಡು, ಕಣಿವೆ, ಮಳೆಗಾಲದ ವಿದ್ಯುತ್ ಕಡಿತ ಎಲ್ಲಿಗೂ ಹೋಗುವುದಿಲ್ಲ. ಊರಿನ ಬಗ್ಗೆ ಮಾಡಿದ ವೆಬ್‌ಸೈಟ್ ಊರಿನಲ್ಲೇ ತೆರೆಯದಿದ್ದರೆ ಅದು ಯಾರಿಗಾಗಿ?

ಇನ್ನೊಂದು ಲೆಕ್ಕ ಬಾಳಿಕೆಯದು. ಟಿಮ್ ಬರ್ನರ್ಸ್-ಲೀ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ 1991ರಲ್ಲಿ ಲೋಕಕ್ಕೆ ತೆರೆದ ಮೊದಲ ವೆಬ್‌ಸೈಟ್ ಬರಿಯ ಫೈಲುಗಳ ಗುಂಪು. 2013ರಲ್ಲಿ ಸರ್ನ್ ಅದನ್ನು ಹಳೆಯ ವಿಳಾಸದಲ್ಲೇ ಮರಳಿ ಇರಿಸಿತು. ಇಂದಿನ ಅಗ್ಗದ ಫೋನಿನಲ್ಲೂ ಅದು ಏನೂ ತಕರಾರಿಲ್ಲದೆ ತೆರೆಯುತ್ತದೆ. ಅದರ ಎದುರಿಗೆ ಕಂಪನಿಗಳ ಅಂಗಳದಲ್ಲಿ ಕಟ್ಟಿದ ಮನೆಗಳ ಗತಿ ನೋಡಿ. ಲಕ್ಷಾಂತರ ಜನ ತಮ್ಮ ಪುಟ ಮಾಡಿಕೊಂಡಿದ್ದ ಜಿಯೋಸಿಟೀಸನ್ನು ಯಾಹೂ 2009ರಲ್ಲಿ ಮುಚ್ಚಿತು. ನಮ್ಮ ಕಾಲೇಜು ಹುಡುಗರೆಲ್ಲ ಸೇರಿದ್ದ ಆರ್ಕುಟ್ 2014ರಲ್ಲಿ ಹೋಯಿತು, ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಅಲ್ಲಿ ಹಾಕಿದ್ದ ಊರಹಬ್ಬದ ಫೋಟೊ, ಚರ್ಚೆ, ನೆನಪು ಬಹುತೇಕ ಅವುಗಳ ಜೊತೆಗೇ ಹೋದವು. ಸರಳವಾದ ಫೈಲಿನ ಶಕ್ತಿಗೆ ಕನ್ನಡದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಒಂದೂವರೆ ಲಕ್ಷ ಪದಗಳ ಕನ್ನಡ–ಇಂಗ್ಲಿಷ್ ಕೋಶ ‘ಅಲರ್’ 2019ರಲ್ಲಿ ಆನ್‌ಲೈನಿಗೆ ಬಂತು. ಅದು ಹುಡುಕುವ ಪುಟವಾಗಿ ಮಾತ್ರ ಬರಲಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮುಕ್ತ ಫೈಲಾಗಿಯೂ ಬಂತು. ನಾಳೆ ಆ ಪುಟಕ್ಕೆ ಏನೇ ಆದರೂ ಕೋಶ ಸಾವಿರ ಕಡೆ ಉಳಿದಿರಬಲ್ಲದು.

ಉಳಿಸಬೇಕಾದದ್ದು ಈ ಹಿನ್ನೀರಿನಾಚೆ ಏನಿದೆ? ಬಹಳವಿದೆ, ಮತ್ತು ಅದು ಕೈಬಿಟ್ಟುಹೋಗುವ ವೇಗವೂ ಹೆಚ್ಚು. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಆ ಮಟ್ಟದ ಕೆಳಗೆ ಗದ್ದೆ, ತೋಟ, ದೇವಸ್ಥಾನ, ಶಾಲೆ, ಕೇರಿಗಳ ಹೆಸರು ಎಲ್ಲ ಸೇರಿಹೋದವು. ಅದಕ್ಕಿಂತ ಮೊದಲಿನ ಹಿರೇಭಾಸ್ಕರ ಅಣೆಕಟ್ಟೆಯೇ ನೀರಿನೊಳಗಿದ್ದು, ಬರದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತದೆ. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ಬೇರೆ ಕಾಡುಗಳ ಅಂಚಿಗೆ ಹೋದವು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಹೋರಾಟ ಇಂದಿಗೂ ಮುಗಿದಿಲ್ಲ. ಸಾಗರದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ಸಂಕಟಕ್ಕೆ ಮಾತು ಕೊಟ್ಟರು. ಗಿರೀಶ ಕಾಸರವಳ್ಳಿ ‘ದ್ವೀಪ’ವನ್ನು ಸಿನಿಮಾ ಮಾಡಿದರು. ಸಾಹಿತ್ಯ ಸಂಕಟವನ್ನು ಹಿಡಿದಿಟ್ಟಿತು. ಯಾವ ಮಜರೆಯ ಯಾವ ಮನೆತನ ಎಲ್ಲಿಗೆ ಹೋಯಿತು, ಮುಳುಗಿದ ಕೆರೆಯ ಹೆಸರೇನಿತ್ತು, ಅಲ್ಲಿಯ ದೇವರನ್ನು ಎಲ್ಲಿ ತಂದು ಪ್ರತಿಷ್ಠೆ ಮಾಡಿದರು ಎಂಬಂಥ ಬಿಡಿ ವಿವರಗಳು ಕಾದಂಬರಿಯ ಕೆಲಸವಲ್ಲ. ಅವು ಇರುವುದು ಎಂಬತ್ತು ದಾಟಿದವರ ನೆನಪಿನಲ್ಲಿ ಮತ್ತು ಮನೆಗಳ ಟ್ರಂಕಿನಲ್ಲಿರುವ ಕಾಗದಪತ್ರಗಳಲ್ಲಿ. ಈಗ ಲಾಂಚಿನ ಕಾಲವೂ ಅದೇ ಪಟ್ಟಿಗೆ ಸೇರುತ್ತಿದೆ. ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆಯ ಕಡವುಗಳಲ್ಲಿ ಬಾಣಂತಿಯರು, ಶಾಲೆಯ ಮಕ್ಕಳು, ಅಡಿಕೆ ಮೂಟೆ, ದಿಬ್ಬಣದ ವ್ಯಾನು ದಾಟಿದ ರೀತಿಯನ್ನು ಇನ್ನು ಇಪ್ಪತ್ತು ವರ್ಷ ಕಳೆದರೆ ಕೇಳಿ ತಿಳಿಯಬೇಕಾಗುತ್ತದೆ. ದೀಪಾವಳಿಯ ಅಂಟಿಗೆ-ಪಂಟಿಗೆ ಹಾಡುಗಳು, ದೀವರ ಮನೆಗಳ ಹಸೆ ಚಿತ್ತಾರ, ಶರಾವತಿಯ ದಂಡೆಯ ಅಪ್ಪೆಮಿಡಿ ಮರಗಳ ಜಾತಿ, ರುಚಿ, ಸೊನೆಯ ವಿವರ, ಇವಕ್ಕೂ ಒಂದೊಂದು ಪುಟ ಬೇಕು. ಕೆಳದಿಯಲ್ಲಿ ಗುಂಡಾ ಜೋಯಿಸರು ತಾಳೆಗರಿ, ನಾಣ್ಯ, ಕಡತಗಳನ್ನು ಕೂಡಿಸಿ ವಸ್ತುಸಂಗ್ರಹಾಲಯ ಬೆಳೆಸಿದ ತಾಲ್ಲೂಕು ಇದು. ಹೆಗ್ಗೋಡಿನ ಜನ 1949ರಲ್ಲೇ ನೀನಾಸಂ ಕಟ್ಟಿಕೊಂಡ ತಾಲ್ಲೂಕು. ತಮ್ಮ ಊರಲ್ಲೇ ಕೂತು ದೊಡ್ಡ ಕೆಲಸ ಮಾಡಬಹುದು ಎನ್ನುವುದಕ್ಕೆ ಇಲ್ಲಿ ಬೇರೆ ಸಾಕ್ಷಿ ಬೇಡ.

ಹಾಗಾದರೆ ಮಾಡುವುದು ಹೇಗೆ? ಈ ಕೆಲಸಕ್ಕೆ ಹಲವು ಉಚಿತ ಸಾಧನಗಳಿವೆ. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೊ ಹೆಚ್ಚು ಬಳಕೆಯಲ್ಲಿವೆ. ಎರಡೂ ಮಾಡುವ ಕೆಲಸ ಒಂದೇ: ನೀವು ಬರೆದ ಸಾದಾ ಬರಹವನ್ನೂ ಥೀಮಿನ ವಿನ್ಯಾಸವನ್ನೂ ಕೂಡಿಸಿ ಸಿದ್ಧಪುಟಗಳ ಫೋಲ್ಡರು ಮಾಡಿಕೊಡುವುದು. ಬರಹವನ್ನು ಮಾರ್ಕ್‌ಡೌನ್ ಎಂಬ ಸುಲಭ ಕ್ರಮದಲ್ಲಿ ಬರೆಯಬೇಕು. 2004ರಲ್ಲಿ ಜಾನ್ ಗ್ರೂಬರ್ ರೂಪಿಸಿದ ಈ ಕ್ರಮದಲ್ಲಿ ಸಾಲಿನ ಮೊದಲು ಹ್ಯಾಷ್ ಗುರುತು ಹಾಕಿದರೆ ಶೀರ್ಷಿಕೆ, ಒಂದು ಸಾಲು ಖಾಲಿ ಬಿಟ್ಟರೆ ಹೊಸ ಪ್ಯಾರಾ. ವಾಟ್ಸ್‌ಆ್ಯಪಿನಲ್ಲಿ ನಕ್ಷತ್ರದ ಗುರುತು ಹಾಕಿ ಅಕ್ಷರ ದಪ್ಪ ಮಾಡುವವರಿಗೆ ಇದು ಅರ್ಧ ಗೊತ್ತಿರುವ ವಿದ್ಯೆ. ಥೀಮುಗಳು ನೂರಾರು ಇವೆ, ಹೆಚ್ಚಿನವು ಎಂಐಟಿಯಂಥ ಮುಕ್ತ ಪರವಾನಗಿಯಲ್ಲಿವೆ. ಅಂದರೆ ಮೂಲ ಲೇಖಕರ ಹಕ್ಕಿನ ಸೂಚನೆ ಉಳಿಸಿಕೊಂಡರೆ ಬಳಸಬಹುದು, ತಿದ್ದಬಹುದು. ಇಂಥ ಥೀಮನ್ನು ಆರಿಸುವಾಗ ಮುಖಪುಟದ ಅಂದಕ್ಕೆ ಮರುಳಾಗುವುದೇ ಹೆಚ್ಚು. ದೊಡ್ಡ ಚಿತ್ರ, ಜಾರುವ ಬ್ಯಾನರ್ ಇರುವ ಥೀಮು ಡೆಮೊದಲ್ಲಿ ಚೆಂದ ಕಾಣುತ್ತದೆ. ನಮ್ಮ ಹತ್ತಿರ ಅಂಥ ಚಿತ್ರವಿಲ್ಲದಾಗ ಅದು ಖಾಲಿ ಪೆಟ್ಟಿಗೆ. ಬರಹಕ್ಕೆ ಜಾಗ ಕೊಡುವ, ಸ್ಕ್ರಿಪ್ಟ್ ಕಡಿಮೆಯಿರುವ, ಬೇರೆ ಭಾಷೆಗಳ ಅನುವಾದ ಫೈಲು ಇಟ್ಟುಕೊಂಡಿರುವ ಥೀಮು ನಮಗೆ ಹೊಂದುತ್ತದೆ. ಆರಿಸಿದ ಮೇಲೆ ಅದರ ಒಂದು ಪ್ರತಿಯನ್ನು ನಮ್ಮ ಫೋಲ್ಡರಿನಲ್ಲೇ ಇಟ್ಟುಕೊಳ್ಳಬೇಕು. ಥೀಮು ಮಾಡಿದವರು ನಾಳೆ ಅದನ್ನು ಬದಲಿಸಬಹುದು, ಕೈಬಿಡಬಹುದು; ನಮ್ಮ ಪ್ರತಿ ನಮ್ಮಲ್ಲಿದ್ದರೆ ಅದರಿಂದ ತೊಂದರೆಯಾಗದು.

ಮೊದಲ ಸಲ ಮಾಡುವವರು ಸೋಲುವುದು ಕಷ್ಟದ ಜಾಗದಲ್ಲಲ್ಲ, ಸಣ್ಣ ಜಾಗಗಳಲ್ಲಿ. ಹ್ಯೂಗೊದಲ್ಲಿ ಹೊಸ ಸೈಟು ತೆರೆದಾಗ ಸೆಟ್ಟಿಂಗ್ ಫೈಲಿನಲ್ಲಿ ಉದಾಹರಣೆಗೆಂದು ಕೊಟ್ಟ ಒಂದು ವಿಳಾಸ ಇರುತ್ತದೆ. ಅದನ್ನು ಬದಲಿಸದೆ ಪ್ರಕಟಿಸಿದರೆ ಪುಟ ತೆರೆಯುತ್ತದೆ, ಆದರೆ ಬಣ್ಣವಿಲ್ಲ, ವಿನ್ಯಾಸವಿಲ್ಲ, ಲಿಂಕುಗಳು ಇನ್ನೆಲ್ಲೋ ಒಯ್ಯುತ್ತವೆ. ಹೊಸದಾಗಿ ಸೇರಿಸಿದ ಪುಟಕ್ಕೆ ಅದು ತಾನಾಗಿ ಕರಡು ಎಂದು ಗುರುತು ಹಾಕಿರುತ್ತದೆ. ಆ ಗುರುತು ತೆಗೆಯದಿದ್ದರೆ ಎಷ್ಟು ಬರೆದರೂ ಪುಟ ಹೊರಗೆ ಕಾಣುವುದಿಲ್ಲ. ಫೋನಿನಲ್ಲಿ ತೆಗೆದ ಫೋಟೊ ಒಂದೊಂದೂ ಮೂರು-ನಾಲ್ಕು ಎಂಬಿ ಇರುತ್ತದೆ. ಹಾಗೇ ಹಾಕಿದರೆ ಮೇಲೆ ಹೇಳಿದ ಹಗುರತನವೆಲ್ಲ ಒಂದೇ ಚಿತ್ರಕ್ಕೆ ಮುಗಿಯಿತು. ಅಗಲವನ್ನು 1200 ಪಿಕ್ಸೆಲ್ಲಿಗೆ ಇಳಿಸಿ 200 ಕೆಬಿಯೊಳಗೆ ತಂದರೆ ಫೋನಿನ ಪರದೆಯಲ್ಲಿ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಎಲ್ಲ ಸರಿಯಿದೆಯೇ ಎಂದು ಮೊದಲು ನಮ್ಮ ಕಂಪ್ಯೂಟರಿನಲ್ಲೇ ತೆರೆದು ನೋಡಬಹುದು, ಅದಕ್ಕೆ ಇಂಟರ್‌ನೆಟ್ ಕೂಡ ಬೇಡ. ನಂತರ ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈಯಂಥ ಸೇವೆಗೆ ಫೋಲ್ಡರು ಕಳಿಸಿದರೆ ಪ್ರಕಟಣೆ ಮುಗಿಯಿತು. ಗಿಟ್‌ಹಬ್ ಉಚಿತವಾಗಿ ಒಂದು ಜಿಬಿಯವರೆಗೆ ಜಾಗ ಕೊಡುತ್ತದೆ, ತಿಂಗಳಿಗೆ 100 ಜಿಬಿಯಷ್ಟು ಓದುಗರ ಬಳಕೆಯನ್ನು ಮಿತಿಯಾಗಿ ಸೂಚಿಸುತ್ತದೆ. 100 ಕೆಬಿಯ ಪುಟವಾದರೆ ಅದು ತಿಂಗಳಿಗೆ ಹತ್ತು ಲಕ್ಷ ಸಲ ತೆರೆದಷ್ಟಾಯಿತು. ಒಂದು ಹೋಬಳಿಯ ವೆಬ್‌ಸೈಟಿಗೆ ಈ ಮಿತಿ ಎಂದೂ ಅಡ್ಡಬಾರದು.

ಸಿದ್ಧ ಥೀಮು ಎಂದರೆ ಎಲ್ಲ ಊರುಗಳ ಮುಖವೂ ಒಂದೇ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ವಿನ್ಯಾಸದ ಹೋಲಿಕೆಯ ಬಗ್ಗೆ ನನಗೆ ಅಂಥ ಚಿಂತೆಯಿಲ್ಲ. ಮೆನು ಎಲ್ಲಿರಬೇಕೋ ಅಲ್ಲೇ ಇದ್ದರೆ ಓದುವವರಿಗೆ ಅನುಕೂಲ. ನಿಜವಾದ ತೊಡಕು ಬೇರೆ. ಈ ಥೀಮುಗಳನ್ನು ಬಹುಮಟ್ಟಿಗೆ ಇಂಗ್ಲಿಷ್ ಲಿಪಿಯನ್ನು ಕಣ್ಣೆದುರಿಗಿಟ್ಟು ಮಾಡಿರುತ್ತಾರೆ. ಸಾಲುಗಳ ನಡುವಿನ ಅಂತರ ರೋಮನ್ ಅಕ್ಷರಕ್ಕೆ ಸಾಕಾಗುತ್ತದೆ. ಕನ್ನಡದ ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ, ಶೀರ್ಷಿಕೆಗಳಲ್ಲಂತೂ ಒತ್ತು ಕತ್ತರಿಸಿಯೇ ಹೋಗುತ್ತದೆ. ಅಂತರವನ್ನು ಅಕ್ಷರದ ಗಾತ್ರದ 1.7 ಅಥವಾ 1.8 ಪಟ್ಟಿಗೆ ಏರಿಸಿದರೆ ಪುಟ ಉಸಿರಾಡುತ್ತದೆ. ಕೆಲವು ಥೀಮುಗಳು ಶೀರ್ಷಿಕೆಯ ಅಕ್ಷರಗಳನ್ನು ಬಿಡಿಬಿಡಿಯಾಗಿ ಚೆಲ್ಲುತ್ತವೆ, ಒತ್ತಿಹೇಳುವ ಮಾತನ್ನು ಓರೆಯಾಗಿಸುತ್ತವೆ. ಕನ್ನಡಕ್ಕೆ ಎರಡೂ ಒಗ್ಗುವುದಿಲ್ಲ, ತೆಗೆದುಬಿಡಬೇಕು. ಫಾಂಟಿನ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವೆಬ್‌ಸೈಟಿನ ಜೊತೆಗೇ ಕನ್ನಡ ಫಾಂಟು ಕಳಿಸಿದರೆ ಅದರ ತೂಕ ಎಷ್ಟೋ ಸಲ ಬರಹದ ತೂಕವನ್ನೂ ಮೀರುತ್ತದೆ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ನೋಟೊ ಸಾನ್ಸ್ ಕನ್ನಡ ಇರುತ್ತದೆ, ವಿಂಡೋಸಿನಲ್ಲಿ ತುಂಗಾ ಅಥವಾ ನಿರ್ಮಲಾ ಇರುತ್ತದೆ. ಓದುವವರ ಬಳಿ ಇರುವ ಫಾಂಟನ್ನೇ ಬಳಸು ಎಂದು ಹೇಳಿದರೆ ಸಾಕು.

ಪುಟದ ಭಾಷೆ ಯಾವುದೆಂದು ಹೇಳುವ ಒಂದು ಸಾಲು ಸೆಟ್ಟಿಂಗಿನಲ್ಲಿದೆ. ಹ್ಯೂಗೊ ಅದನ್ನು ಅಮೆರಿಕದ ಇಂಗ್ಲಿಷ್ ಎಂದು ತುಂಬಿಸಿ ಕೊಡುತ್ತದೆ. ಬದಲಿಸದಿದ್ದರೂ ಕನ್ನಡ ಕಾಣುತ್ತದೆ, ಆದ್ದರಿಂದಲೇ ಯಾರೂ ಬದಲಿಸುವುದಿಲ್ಲ. ಆದರೆ ಕಣ್ಣು ಕಾಣದವರು ಬಳಸುವ ಪರದೆ ಓದುವ ತಂತ್ರಾಂಶ ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ತಿಳಿಯುವುದು ಆ ಸಾಲಿನಿಂದ. ಭಾಷೆಯ ಸೆಟ್ಟಿಂಗನ್ನು ಪೂರ್ತಿ ಕನ್ನಡಕ್ಕೆ ಬದಲಿಸಿದರೆ, ಥೀಮು ಅದಕ್ಕೆ ಹೊಂದುವಂತಿದ್ದರೆ, ತಿಂಗಳ ಹೆಸರುಗಳೂ ಕನ್ನಡದಲ್ಲಿ ಬರುತ್ತವೆ. ‘ಮುಂದೆ ಓದಿ’, ‘ಹಿಂದಿನ ಪುಟ’ ಎಂಬಂಥ ಇಪ್ಪತ್ತು-ಮೂವತ್ತು ಮಾತುಗಳನ್ನು ಅನುವಾದ ಫೈಲಿನಲ್ಲಿ ನಾವೇ ತುಂಬಬೇಕು. ಒಮ್ಮೆ ತುಂಬಿ ಥೀಮಿನ ಮೂಲಕ್ಕೆ ಕಳಿಸಿಕೊಟ್ಟರೆ ನಾಳೆ ಹೊಸನಗರದ, ತೀರ್ಥಹಳ್ಳಿಯ ಇನ್ನೊಂದು ಊರಿಗೆ ಆ ಕೆಲಸ ಉಳಿಯಿತು. ಪುಟದ ವಿಳಾಸವನ್ನು ಮಾತ್ರ ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಕೊಡುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಇದು ಕನ್ನಡದ ಮೇಲಿನ ಅನಾದರವಲ್ಲ. ಬ್ಯಾಕೋಡು ಎಂಬ ಹೆಸರನ್ನು ಕನ್ನಡದಲ್ಲೇ ವಿಳಾಸಕ್ಕೆ ಹಾಕಿ ಸಂದೇಶದಲ್ಲಿ ಕಳಿಸಿದರೆ ಅದು ಎಷ್ಟೋ ಕಡೆ ಶೇಕಡಾ ಚಿಹ್ನೆಗಳ, ಅಂಕಿಗಳ 72 ಅಕ್ಷರಗಳ ಸಾಲಾಗಿ ಒಡೆದುಕೊಳ್ಳುತ್ತದೆ. ಅದನ್ನು ನೋಡಿದವರು ಮೋಸದ ಲಿಂಕೆಂದು ಮುಟ್ಟುವುದಿಲ್ಲ. ಹಳೆಯ ಬರಹಗಳದ್ದು ಇನ್ನೊಂದು ಗೋಳು. ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಸಹಕಾರ ಸಂಘದ ವರದಿ ಇವೆಲ್ಲ ಡಿಟಿಪಿ ಸೆಂಟರಿನಲ್ಲಿ ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪಾದವು. ನೇರ ತಂದು ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಮಹಾಪ್ರಾಣಗಳನ್ನು ಒಬ್ಬರು ಕೂತು ಓದಿ ತಿದ್ದಲೇಬೇಕು. ಊರಿನ ನಿವೃತ್ತ ಮೇಷ್ಟ್ರುಗಳಿಗೆ ಇದಕ್ಕಿಂತ ತಕ್ಕ ಕೆಲಸವಿಲ್ಲ.

ಇಷ್ಟೆಲ್ಲ ಯಾಕೆ, ವಾಟ್ಸ್‌ಆ್ಯಪ್ ಗ್ರೂಪಿದೆಯಲ್ಲ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಬೆಳಿಗ್ಗೆಯ ಬಸ್ಸು ಬರುವುದಿಲ್ಲ, ಲೈನ್ ಮೇಲೆ ಮರ ಬಿದ್ದಿದೆ ಎಂಬಂಥ ಸುದ್ದಿಗೆ ಗ್ರೂಪೇ ಸರಿ; ಅದರ ಜಾಗಕ್ಕೆ ವೆಬ್‌ಸೈಟನ್ನು ತರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಗ್ರೂಪಿನಲ್ಲಿ ಹೋದ ವರ್ಷದ ಮಾತನ್ನು ಹುಡುಕಿ ತೆಗೆಯಲಾಗದು, ಹೊರಗಿನವರಿಗೆ ಅದು ಕಾಣದು, ತಪ್ಪನ್ನು ತಿದ್ದಿದರೂ ಈಗಾಗಲೇ ಹರಿದುಹೋದ ಪ್ರತಿಗಳು ಹಾಗೇ ಉಳಿಯುತ್ತವೆ. ಮಂಗನ ಕಾಯಿಲೆಯ ಉದಾಹರಣೆ ಕಣ್ಣೆದುರಿಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ರೋಗ 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ತೆಗೆದುಕೊಂಡಿತು. ಸತ್ತ ಮಂಗ ಕಂಡರೆ ಯಾರಿಗೆ ತಿಳಿಸಬೇಕು, ಕಾಡಿಗೆ ಹೋಗುವ ಮುನ್ನ ಏನು ಮಾಡಬೇಕು, ಜ್ವರ ಬಂದರೆ ಎಲ್ಲಿಗೆ ಹೋಗಬೇಕು ಎಂಬುದು ದಿನಾಂಕದ ಸಮೇತ, ಆರೋಗ್ಯ ಕೇಂದ್ರದವರು ನೋಡಿ ಒಪ್ಪಿದ ಒಂದೇ ಪುಟದಲ್ಲಿದ್ದರೆ ಗ್ರೂಪಿನಲ್ಲಿ ಆ ಪುಟದ ಲಿಂಕು ಓಡಾಡುತ್ತದೆ, ಪುಟ ತಿದ್ದಿದಂತೆ ಎಲ್ಲರಿಗೂ ತಿದ್ದಿದ್ದೇ ಕಾಣುತ್ತದೆ.

ವರ್ಡ್‌ಪ್ರೆಸ್ ಇನ್ನೂ ಸುಲಭವಲ್ಲವೇ ಎಂಬ ಪ್ರಶ್ನೆಯಲ್ಲೂ ನಿಜಾಂಶವಿದೆ. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಇಂದು ಜಗತ್ತಿನ ಶೇ 40ಕ್ಕೂ ಹೆಚ್ಚು ವೆಬ್‌ಸೈಟುಗಳ ಹಿಂದಿದೆ. ದಿನಕ್ಕೆ ಹತ್ತು ಸುದ್ದಿ ಹಾಕುವ ಪತ್ರಿಕೆಗೆ ಅದು ಸರಿಯಾದ ಆಯ್ಕೆಯೇ. ಮೊದಲ ದಿನ ಅದು ಸುಲಭ. ಮೂರನೆಯ ವರ್ಷ, ಮಾಡಿಕೊಟ್ಟ ಹುಡುಗನಿಗೆ ಬೇರೆ ಕಡೆ ಕೆಲಸ ಸಿಕ್ಕಿ, ಅಪ್‌ಡೇಟ್ ನಿಂತು, ಹೋಸ್ಟಿಂಗ್ ಹಣ ಕಟ್ಟುವುದು ಮರೆತಾಗ ಅದರ ಕಷ್ಟ ಶುರು. ನೋಡಿಕೊಳ್ಳುವವರಿಲ್ಲದ ವರ್ಡ್‌ಪ್ರೆಸ್ ಸೈಟು ಹ್ಯಾಕ್ ಆಗುತ್ತದೆ, ಜೂಜಿನ ಜಾಹೀರಾತಿನ ಪುಟವಾಗುತ್ತದೆ. ನೋಡಿಕೊಳ್ಳುವವರಿಲ್ಲದ ಸ್ಟ್ಯಾಟಿಕ್ ಸೈಟು ಹಳತಾಗುತ್ತದೆ, ಅಷ್ಟೆ. ಸ್ವಯಂಸೇವಕರ ಬಲದ ಮೇಲೆ ನಡೆಯುವ ಊರಿನ ಕೆಲಸಕ್ಕೆ ಇದು ದೊಡ್ಡ ವ್ಯತ್ಯಾಸ. ಕಂಪ್ಯೂಟರಿನ ಆಜ್ಞೆಗಳನ್ನು ಟೈಪಿಸಲು ಬಾರದು ಎನ್ನುವವರಿಗೂ ದಾರಿಯಿದೆ. ಗಿಟ್‌ಹಬ್ಬಿನಲ್ಲಿ ಜೆಕಿಲ್ ಥೀಮಿನ ಮಾದರಿಯೊಂದನ್ನು ನಕಲು ಮಾಡಿಕೊಂಡರೆ ಪುಟ ಕಟ್ಟುವ ಕೆಲಸ ಅಲ್ಲೇ ಆಗುತ್ತದೆ. ಬರಹವನ್ನು ಬ್ರೌಸರಿನಲ್ಲೇ, ಬೇಕಿದ್ದರೆ ಫೋನಿನಲ್ಲೇ ತಿದ್ದಬಹುದು. ಮಲೆನಾಡಿನ ಹುಡುಗ-ಹುಡುಗಿಯರು ಬೆಂಗಳೂರಿಗೆ ಹೋಗಿ ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದಿದ್ದಾರೆ ಎಂಬುದು ಈ ಭಾಗದ ದೊಡ್ಡ ಕೊರಗು. ಈ ಒಂದು ಕೆಲಸದಲ್ಲಿ ಆ ದೂರ ಅಡ್ಡಿಯಾಗುವುದಿಲ್ಲ. ತಾಂತ್ರಿಕ ಕೆಲಸವನ್ನು ಅಲ್ಲಿರುವವರು ನೋಡಿಕೊಳ್ಳಲಿ, ಏನು ಬರೆಯಬೇಕು, ಯಾವುದು ಸರಿ ಎಂಬ ತೀರ್ಮಾನ ಊರಲ್ಲಿರುವವರದೇ ಆಗಿರಲಿ. ಫೈಲಿನ ಪ್ರತಿ ಬದಲಾವಣೆಯನ್ನೂ ಒಬ್ಬರು ಸೂಚಿಸಿ ಇನ್ನೊಬ್ಬರು ಒಪ್ಪುವ ವ್ಯವಸ್ಥೆ ಗಿಟ್‌ಹಬ್ಬಿನಲ್ಲೇ ಇದೆ.

ಗಿಟ್‌ಹಬ್ ಕೂಡ ಪರದೇಶದ ಕಂಪನಿಯದೇ, 2018ರಿಂದ ಮೈಕ್ರೋಸಾಫ್ಟಿನದು. ಜಿಯೋಸಿಟೀಸಿಗೆ ಆದದ್ದು ಇದಕ್ಕೂ ಆಗಬಹುದಲ್ಲ? ಆಗಬಹುದು. ಆದರೆ ಜಿಯೋಸಿಟೀಸಿನಲ್ಲಿ ಪುಟ ಇದ್ದದ್ದು ಬಹುತೇಕ ಅಲ್ಲಿ ಮಾತ್ರ. ಇಲ್ಲಿ ಪೂರ್ಣ ಪ್ರತಿ, ತಿದ್ದುಪಡಿಗಳ ಇತಿಹಾಸದ ಸಮೇತ, ಕೆಲಸಕ್ಕೆಂದು ಇಳಿಸಿಕೊಂಡ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇರುತ್ತದೆ. ಇವತ್ತು ಒಂದು ಸೇವೆ ನಿಂತರೆ ನಾಳೆ ಅದೇ ಫೋಲ್ಡರನ್ನು ಇನ್ನೊಂದಕ್ಕೆ ಏರಿಸಬಹುದು. ಓದುವವರಿಗೆ ಇದು ಗೊತ್ತೇ ಆಗಬಾರದು ಎಂದಾದರೆ ವಿಳಾಸ ನಮ್ಮದಾಗಿರಬೇಕು. ಉಚಿತವಾಗಿ ಸಿಗುವ ಗಿಟ್‌ಹಬ್ಬಿನ ಹೆಸರು ಸೇರಿದ ವಿಳಾಸವನ್ನು ಬಸ್‌ಸ್ಟ್ಯಾಂಡಿನ ಫಲಕಕ್ಕೆ ಬರೆಸಿದರೆ ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ. ಡಾಟ್ ಇನ್ ವಿಳಾಸಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೇ ಖರ್ಚು. ಈ ಇಡೀ ಯೋಜನೆಯಲ್ಲಿ ಹಣ ಹಾಕಲೇಬೇಕಾದ ಜಾಗ ಅದೊಂದೇ.

ತೆರೆದಿಡುವುದರಲ್ಲಿ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಫಲಾನುಭವಿಗಳ ಪಟ್ಟಿ, ಆಧಾರ್ ಪ್ರತಿ, ಮುಳುಗಡೆ ಸಂತ್ರಸ್ತರ ಸರ್ವೆ ನಂಬರಿನ ಕಾಗದಗಳನ್ನು ದಾಖಲೆ ಎಂಬ ಉತ್ಸಾಹದಲ್ಲಿ ಏರಿಸಿಬಿಟ್ಟರೆ ಆಮೇಲೆ ಅಳಿಸಿದರೂ ಅವು ಪೂರ್ತಿ ಹೋಗುವುದಿಲ್ಲ. ತಿದ್ದುಪಡಿಗಳ ಇತಿಹಾಸದಲ್ಲಿ ಹಳೆಯ ಪ್ರತಿ ಉಳಿದಿರುತ್ತದೆ, ಬಲ್ಲವರು ತೆಗೆದು ನೋಡಬಹುದು. ಫೋನಿನ ಫೋಟೊದೊಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ-ರೇಖಾಂಶ ಅಡಗಿರಬಹುದು. ಒಳ್ಳೆಯ ತಳಿಯ ಅಪ್ಪೆಮಿಡಿ ಮರ ಎಲ್ಲಿದೆ, ಅಪರೂಪದ ಸೀತಾಳೆ ದಂಡೆ ಎಲ್ಲಿ ಅರಳುತ್ತದೆ ಎಂದು ಊರಿನವರಿಗಷ್ಟೇ ಗೊತ್ತಿರುವುದೇ ಅವುಗಳಿಗೆ ರಕ್ಷೆ. ಮಿಡಿಗಾಗಿ ಕೊಂಬೆಯನ್ನೇ ಕಡಿದೊಯ್ಯುವವರ ಕಾಟವನ್ನು ಈ ಸೀಮೆ ಬಲ್ಲದು. ಯಾವುದನ್ನು ಹೇಳಬಾರದು ಎಂಬ ಪಟ್ಟಿಯನ್ನು ಮೊದಲ ಪುಟ ಬರೆಯುವುದಕ್ಕೂ ಮುಂಚೆ ಕೂತು ಮಾಡಬೇಕು. ಹಿರಿಯರ ನೆನಪನ್ನು ದಾಖಲಿಸುವಾಗ ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಬೇಕು.

ಮೊದಲ ಕಂತಿಗೆ ಏಳೆಂಟು ಪುಟ ಸಾಲುತ್ತದೆ. ಬರುವ ದಾರಿ ಮತ್ತು ಬಸ್ಸು, ಆಸ್ಪತ್ರೆ ಮತ್ತು ಶಾಲೆ, ಮುಳುಗಿದ ಊರುಗಳ ಹೆಸರು, ಲಾಂಚಿನ ಕಾಲದ ನೆನಪುಗಳಲ್ಲಿ ಎರಡೋ ಮೂರೋ, ಮಂಗನ ಕಾಯಿಲೆಯ ಪುಟ, ಸಂಪರ್ಕಕ್ಕೆ ಈ ಕೆಲಸ ಹೊತ್ತ ಊರಿನ ಸಂಘದ ಒಂದು ಇಮೇಲ್. ಪ್ರತಿ ಪುಟದ ಕೆಳಗೆ ಕೊನೆಯ ಸಲ ತಿದ್ದಿದ ದಿನಾಂಕ ಇರಲಿ. ಸೈಟಿನ ವಿಳಾಸ (ಡೊಮೇನು) ಒಬ್ಬ ವ್ಯಕ್ತಿಯ ಸ್ವಂತ ಇಮೇಲಿಗೆ ಕಟ್ಟುಬೀಳದೆ ಸಂಘದ ಹೆಸರಿನಲ್ಲಿರಲಿ, ಬೇರೆ ಬೇರೆ ಮನೆಯ ಇಬ್ಬರ ಬಳಿ ಪಾಸ್‌ವರ್ಡ್ ಇರಲಿ, ಹಣವನ್ನು ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿಬಿಡಲಿ. ಲಿಂಕುಗಳು ಫೋಲ್ಡರಿನೊಳಗೇ ಕೂಡಿಕೊಳ್ಳುವಂತೆ ಸೆಟ್ಟಿಂಗಿನಲ್ಲಿ ಎರಡು ಸಾಲು ಸೇರಿಸಿದರೆ ಇಡೀ ಸೈಟು ಇಂಟರ್‌ನೆಟ್ ಇಲ್ಲದೆಯೂ ಪೆನ್‌ಡ್ರೈವಿನಿಂದ ತೆರೆಯುತ್ತದೆ. ದೀಪಾವಳಿಗೆ ಬೆಂಗಳೂರಿನಿಂದ ಬಂದವರು ಆ ವರ್ಷದ ಪ್ರತಿಯೊಂದನ್ನು ಊರಿನ ಶಾಲೆಗೂ ಇನ್ನೊಂದನ್ನು ಸಾಗರದ ಗ್ರಂಥಾಲಯಕ್ಕೂ ಕೊಟ್ಟು ಹೋಗಬಹುದು.